ತಳಪಟ್ಟಿಯ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೆ ಜನರಿಗೆ ದೊಡ್ಡ ದೊಡ್ಡ ಕಾರಣಗಳಿರುತ್ತವೆ. ಓರಗಿತ್ತಿಯ ಕತ್ತಿನ ಸರ, ಎದುರುಮನೆಯವರ ಹೊಸ ಮಹಡಿ, ತಂಗಿಗೆ ಸಿಕ್ಕ ಗಂಡ. ನನಗೆ ಸಿಕ್ಕ ಕಾರಣ ಕಂಪ್ಯೂಟರ್ ಪರದೆಯ ತಳದಲ್ಲಿ ಬೆರಳಗಲಕ್ಕೆ ಇರುವ ಒಂದು ಪಟ್ಟಿ. ಸ್ಟೇಟಸ್ ಬಾರ್ ಎನ್ನುತ್ತಾರೆ ಅದನ್ನು. ನಾನು ತಳಪಟ್ಟಿ ಎನ್ನುತ್ತೇನೆ. ನೀವು ಎಷ್ಟನೇ ಸಾಲಿನಲ್ಲಿದ್ದೀರಿ, ಫೈಲಿನ ಹೆಸರೇನು, ಬರೆದದ್ದನ್ನು ಉಳಿಸಿದ್ದೀರೋ ಇಲ್ಲವೋ ಎಂದು ಹೇಳುವ ಪಟ್ಟಿ. ಹುಟ್ಟಿನಿಂದ ಅದರದ್ದು ಬೂದು ಬಣ್ಣ. ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ನಮ್ಮ ಕೆಲಸದ ಕೋಣೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಅದಕ್ಕೆ ಸಿಂಗಾರ ಮಾಡುವವರೆಗೆ ನಾನೂ ನೋಡಿರಲಿಲ್ಲ.

ಕಡೂರಿನಲ್ಲಿ ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ ನಾವು ಕೆಲಸ ಮಾಡುವ ಕೋಣೆ ಇದೆ. ಮಂಡಿಯ ಯಜಮಾನರೇ ಇದಕ್ಕೂ ಯಜಮಾನರು. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಯಾರೋ ಫೋಟೋ ತೆಗೆದು ಕಳಿಸುತ್ತಾರೆ. ನಾವು ಅದರ ಪ್ರಿಂಟ್ ತೆಗೆದು, ಎಡಗಡೆಯ ಸ್ಟ್ಯಾಂಡಿಗೆ ಸಿಕ್ಕಿಸಿ, ನೋಡಿಕೊಂಡು ಟೈಪ್ ಮಾಡುತ್ತೇವೆ. ಅಕ್ಷರ ಮಾತ್ರ ಬೇಕು, ಅಲಂಕಾರ ಬೇಡ ಎಂದು ಕೆಲಸ ಕೊಟ್ಟವರ ಅಪ್ಪಣೆ. ಹಾಗಾಗಿ ಪ್ರೋಗ್ರಾಂ ಬರೆಯುವ ಹುಡುಗರು ಬಳಸುವಂಥ ಬೋಳು ಎಡಿಟರ್ ಒಂದನ್ನು ನಮ್ಮೆಲ್ಲರ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದಾರೆ. ಕೆಳಗಿನಿಂದ ಕೊಬ್ಬರಿಯ ವಾಸನೆ ದಿನವಿಡೀ ಮೇಲೆ ಬರುತ್ತದೆ. ಹೊಸದಾಗಿ ಬಂದವರಿಗೆ ತಲೆ ಸುತ್ತುತ್ತದೆ. ಆಮೇಲೆ ಅದು ಇದೆ ಎಂಬುದೇ ಮರೆತುಹೋಗುತ್ತದೆ.

ಆ ಕೋಣೆಯಲ್ಲಿ ನಾನು ರಾಣಿಯಾಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಟೈಪ್‌ರೈಟರ್ ಕಾಲದಲ್ಲಿ ಕಲಿತವಳು ನಾನು. ಕಲಿಸಿದ ಮೇಷ್ಟ್ರು ಕೀಲಿಗಳ ಮೇಲೆ ಟವೆಲ್ ಮುಚ್ಚಿ ಹೊಡೆಸುತ್ತಿದ್ದರು. ಕಣ್ಣು ಪ್ರತಿಯಿಂದ ಕದಲಿದರೆ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಇವತ್ತಿಗೂ ಟೈಪ್ ಮಾಡುವಾಗ ನಾನು ಕೈಯನ್ನೂ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ. ಪುಟ ಮುಗಿದ ಮೇಲೆ ಒಮ್ಮೆ ಕತ್ತೆತ್ತಿದರೆ ಆಯಿತು. ಯಜಮಾನರು ಮಂಡಿಗೆ ಬಂದ ನೆಂಟರನ್ನೂ ಗಿರಾಕಿಗಳನ್ನೂ ಮೇಲಕ್ಕೆ ಕರೆತಂದು ನನ್ನ ಕುರ್ಚಿಯ ಹಿಂದೆ ನಿಲ್ಲಿಸಿ, ಈ ಅಮ್ಮನ ಕೈ ನೋಡಿ ಎನ್ನುತ್ತಿದ್ದರು. ಹುಳ ತಿಂದ ಪುಟ, ಮಸಿ ಹರಡಿ ಓದಲು ಬಾರದ ಪುಟ ಏನೇ ಬರಲಿ, ಅದು ನನ್ನ ಸ್ಟ್ಯಾಂಡಿಗೇ ಬರಬೇಕು. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಆ ಹುಡುಗಿ ತರೀಕೆರೆಯಿಂದ ಬಂದಳು. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು. ಮನೆಯಲ್ಲಿ ದಖ್ಖನಿ ಉರ್ದು ಮಾತು. ಫೋನಿನಲ್ಲಿ ಅಮ್ಮನ ಜೊತೆ ಅದರಲ್ಲೇ ಜಗಳವಾಡಿ, ಫೋನಿಟ್ಟ ಮರುಗಳಿಗೆ ನನ್ನ ಕಡೆ ತಿರುಗಿ ಅಕ್ಕಾ ಎಂದು ಕನ್ನಡಕ್ಕೆ ಬರುತ್ತಿದ್ದಳು. ನಾನು ಅಜ್ಜಂಪುರದವಳು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬೀರೂರಿನವರೆಗೆ ಹೋಗಿ, ಅಲ್ಲಿಂದ ಅವಳು ತರೀಕೆರೆ ಬಸ್ಸು, ನಾನು ಅಜ್ಜಂಪುರದ ಬಸ್ಸು ಹಿಡಿಯುತ್ತಿದ್ದೆವು. ಶುರುವಿನಲ್ಲಿ ಅವಳ ಟೈಪಿಂಗ್ ನೋಡಿ ನನಗೆ ನಗು ಬರುತ್ತಿತ್ತು. ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ. ಹಾಗಾಗಿ ಅವಳನ್ನು ಕಂಡರೆ ನನಗೆ ಪ್ರೀತಿಯಿತ್ತು.

ಒಂದು ಬೆಳಗ್ಗೆ ಬಂದು ನೋಡುತ್ತೇನೆ, ಅವಳ ಪರದೆಯ ತಳದಲ್ಲಿ ಹಸಿರು ಪಟ್ಟಿ. ಎಳೆಯ ಬಾಳೆಎಲೆಯ ಹಸಿರು. ಅದರ ಎಡಗಡೆಯಲ್ಲಿ ದಪ್ಪಗೆ ‘ಕ’ ಎಂಬ ಅಕ್ಷರ. ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿದಳೋ, ಇಡೀ ಪಟ್ಟಿ ಕುಂಕುಮದ ಹಾಗೆ ಕೆಂಪಾಯಿತು. ಮತ್ತೆ ಕನ್ನಡಕ್ಕೆ ತಂದರೆ ಹಸಿರು. ಮಧ್ಯದಲ್ಲಿ ಪುಟದ ಅಂಕಿ, ಪಕ್ಕದಲ್ಲಿ ಇಲ್ಲಿಯವರೆಗೆ ಎಷ್ಟು ಪದವಾಯಿತು ಎಂಬ ಲೆಕ್ಕ. ಉಳಿಸದೆ ಬಿಟ್ಟರೆ ಒಂದು ಚಿಕ್ಕ ಚುಕ್ಕೆ ಮಿನುಗುತ್ತಿತ್ತು. ಎಡಿಟರಿಗೆ ಪ್ಲಗಿನ್ ಎಂಬ ಸಣ್ಣ ಸಣ್ಣ ತುಣುಕುಗಳನ್ನು ಸೇರಿಸಬಹುದಂತೆ, ಅದರಲ್ಲೊಂದು ಈ ಪಟ್ಟಿಯನ್ನು ಬೇಕಾದ ಹಾಗೆ ತಿದ್ದಿಕೊಳ್ಳುವುದಕ್ಕೇ ಇದೆಯಂತೆ. ಫೋನಿನಲ್ಲಿ ವಿಡಿಯೋ ನೋಡಿ ಮಾಡಿಕೊಂಡೆ ಎಂದಳು. ನಿಮಗೂ ಹಾಕಿಕೊಡಲಾ ಎಂದೂ ಕೇಳಿದಳು.

“ನಂಗ್ಯಾಕೇ ಅದೆಲ್ಲ?” ಎಂದೆ. “ನಾನು ಸ್ಕ್ರೀನೇ ನೋಡಲ್ಲ ಕಣೇ.”

ಮಾತಿಗೆ ಹಾಗೆಂದೆನೇ ಹೊರತು ಆ ಗಳಿಗೆಯಲ್ಲೇ ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು. ಅದು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುವುದು ನನಗೆ ಹೊಳೆಯಲಿಲ್ಲವಲ್ಲ ಎಂಬುದೇ ಉರಿ. ಮರುದಿನ ಯಜಮಾನರು ಯಾರೋ ಬೀಗರನ್ನು ಮೇಲೆ ಕರೆತಂದರು. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅವರು ನನ್ನನ್ನು ದಾಟಿ ಅವಳ ಕುರ್ಚಿಯ ಹಿಂದೆ ಹೋಗಿ ನಿಂತರು. ಕೆಂಪು ಮಾಡಮ್ಮ, ಹಸಿರು ಮಾಡಮ್ಮ ಎಂದು ಯಜಮಾನರು ಹೇಳುವುದು, ಅವಳು ಮಾಡುವುದು, ಬೀಗರು ತಲೆದೂಗುವುದು. ನಾನು ಹೊಡೆಯುತ್ತಲೇ ಇದ್ದೆ. ಆ ಬೀಗರ ಮುಖ ಈಗಲೂ ನೆನಪಿದೆ, ಕಂಡರೆ ಆಗುವುದಿಲ್ಲ.

ಅದಾದ ಮೇಲೆ ನನಗೆ ಅವಳು ಮಾಡಿದ್ದೆಲ್ಲ ತಪ್ಪಾಗಿ ಕಾಣತೊಡಗಿತು. ಅವಳು ಕಾಫಿ ಕುಡಿಯುವ ಸದ್ದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದು, ನನ್ನನ್ನು ಅಕ್ಕಾ ಎನ್ನುವುದು ಕೂಡ. ಅಕ್ಕ ಎಂದರೆ ವಯಸ್ಸಾಯಿತು ಎಂದಲ್ಲವೇ ಅರ್ಥ?

ನನ್ನ ಗ್ರಹಚಾರಕ್ಕೆ ಆ ಕೆಂಪು ಹಸಿರು ಬೇಕಾಗಿದ್ದದ್ದು ನನಗೇ. ಟವೆಲ್ ಹೊದಿಸಿ ಕಲಿತವರು ಮಾತ್ರ ಮಾಡುವ ಒಂದು ತಪ್ಪಿದೆ. ಕೀಬೋರ್ಡು ಇಂಗ್ಲಿಷಿನಲ್ಲಿ ಉಳಿದಿರುತ್ತದೆ. ಬೆರಳು ಕನ್ನಡವನ್ನೇ ಹೊಡೆಯುತ್ತದೆ. ಕಣ್ಣು ಪ್ರತಿಯ ಮೇಲೆ ನೆಟ್ಟಿರುತ್ತದೆ. ಕತ್ತೆತ್ತಿ ನೋಡಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಕಂಸಗಳ ಜಾತ್ರೆ. ಒಂದೊಂದು ಅಕ್ಷರ ನೋಡಿಕೊಂಡು ಕುಟ್ಟುವ ಹೊಸಬರಿಗೆ ಇದು ಆಗುವುದೇ ಇಲ್ಲ, ಎರಡನೇ ಅಕ್ಷರಕ್ಕೇ ಗೊತ್ತಾಗುತ್ತದೆ. ವೇಗವಾಗಿ ಹೊಡೆಯುವವರಿಗೇ ಈ ಶಿಕ್ಷೆ.

ಒಂದು ಮಧ್ಯಾಹ್ನ ನಾನು ಇಂಥದ್ದೇ ಒಂದು ಪುಟ ಮುಗಿಸಿ ತೃಪ್ತಿಯಿಂದ ಕತ್ತೆತ್ತುವುದಕ್ಕೂ, ಯಜಮಾನರು ನನ್ನ ಬೆನ್ನ ಹಿಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಇದ್ಯಾವ ಭಾಷೆಯಮ್ಮ ಎಂದರು ಅವರು. ನಾನು ಪುಟವನ್ನೆಲ್ಲ ಅಳಿಸತೊಡಗಿದೆ. ಅವಳು ತನ್ನ ಕುರ್ಚಿಯಿಂದಲೇ, ಕರೆಂಟು ಹೋಗಿ ಬಂದಾಗ ಕೀಬೋರ್ಡು ತಾನಾಗೇ ಇಂಗ್ಲಿಷಿಗೆ ಹೋಗಿಬಿಡುತ್ತದೆ ಸಾರ್, ಎಲ್ಲರಿಗೂ ಆಗುತ್ತದೆ ಎಂದಳು. ನನ್ನ ಮಾನ ಉಳಿಸಲಿಕ್ಕೆ ಹೇಳಿದ ಮಾತು. ಅವಳು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದು ನಕ್ಕಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ವಾರವೇ ಹುಳ ತಿಂದ ಪುಟಗಳ ಒಂದು ಕಟ್ಟು ಅವಳ ಸ್ಟ್ಯಾಂಡಿಗೆ ಹೋಯಿತು. ಪೂರ್ತಿಯಲ್ಲ, ಅರ್ಧ. ಆದರೂ ಹೋಯಿತಲ್ಲ.

ರಂಜಾನ್ ಹಬ್ಬಕ್ಕೆ ಅವಳು ರಜೆ ಹಾಕಿದಾಗ ನಾನೂ ಒಂದು ಕೈ ನೋಡಿಯೇಬಿಡೋಣ ಎಂದು ಕುಳಿತೆ. ಅವಳದ್ದಕ್ಕಿಂತ ಚೆನ್ನಾಗಿ ಮಾಡಬೇಕು, ಅವಳು ಬಂದು ನೋಡಿ ಸುಮ್ಮನಾಗಬೇಕು. ಪ್ಲಗಿನ್ ಸಿಕ್ಕಿತು, ಕೂತಿತು. ಬಣ್ಣ ಎಂದಲ್ಲಿ ಹಳದಿ ಕೊಟ್ಟೆ. ಸಮಯ ಬೇಕೇ? ಬೇಕು. ಹವಾಮಾನ? ಅದೂ ಇರಲಿ. ತಾರೀಖು, ವಾರ, ಇಂಟರ್ನೆಟ್ಟಿನ ವೇಗ, ಫೈಲಿನ ತೂಕ, ಕೇಳಿದ್ದಕ್ಕೆಲ್ಲ ಹೂಂ ಎಂದೆ. ಚಿತ್ರದ ಗುರುತುಗಳು ಬರಬೇಕಾದ ಕಡೆ ಖಾಲಿ ಚೌಕಗಳು ಬಂದು ಕೂತವು, ಅದಕ್ಕೆ ಬೇರೆ ಫಾಂಟ್ ಬೇಕಂತೆ. ಕನ್ನಡದಲ್ಲಿ ಬರೆದ ಪದಗಳಿಗೆ ಪಟ್ಟಿಯ ಎತ್ತರ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಯಿತು. ಇಷ್ಟೆಲ್ಲ ತುಂಬಿದ ಮೇಲೆ, ಯಾವುದಕ್ಕಾಗಿ ಈ ಪಾಡು ಪಟ್ಟೆನೋ ಆ ‘ಕ’ ಎಂಬ ಗುರುತೇ ಜಾಗ ಸಾಲದೆ ಬಲಗಡೆಯ ಅಂಚಿನಾಚೆ ಬಿದ್ದುಹೋಗಿತ್ತು. ಮೊದಲಿನ ಬೂದು ಪಟ್ಟಿಗೆ ವಾಪಸು ಹೋಗೋಣವೆಂದರೆ ದಾರಿ ತಿಳಿಯಲಿಲ್ಲ.

ಹಬ್ಬ ಮುಗಿಸಿ ಅವಳು ಸ್ಟೀಲ್ ಡಬ್ಬಿಯಲ್ಲಿ ಶೀರ್‌ಖುರ್ಮಾ ಪಾಯಸ ತಂದಳು. ಡಬ್ಬಿ ನನ್ನ ಮೇಜಿನ ಮೇಲಿಡುವಾಗ ಪರದೆಯ ತಳ ನೋಡಿದಳು. ನಗಲಿಲ್ಲ. ಇದರಲ್ಲಿ ಸ್ವಲ್ಪ ಕಡಿಮೆ ಮಾಡಲಾ ಅಕ್ಕಾ ಎಂದಷ್ಟೇ ಕೇಳಿ, ಹವಾಮಾನ, ವಾರ, ತೂಕ ಎಲ್ಲವನ್ನೂ ಒಂದೊಂದಾಗಿ ಕಿತ್ತುಹಾಕಿದಳು. ಅವಳು ಹಾಗೆ ಮಾಡುತ್ತಿರುವಾಗ, ಸುಮ್ಮನೆ ನೋಡುತ್ತ ನಿಲ್ಲಲಾರದೆ ನಾನು ಅವಳ ಪರದೆಯ ಕಡೆ ಹೋದೆ. ಅವಳ ಹಸಿರು ಪಟ್ಟಿಯ ಬಲಮೂಲೆಯಲ್ಲಿ ಒಂದು ಅಂಕಿ ಇತ್ತು. ಪುಟದ ಅಂಕಿಯಲ್ಲ, ಪದಗಳ ಲೆಕ್ಕವಲ್ಲ. ಇದೇನೇ ಇದು ಎಂದೆ.

ಅವಳು ನನ್ನ ಪಟ್ಟಿಯಿಂದ ಇನ್ನೊಂದು ತುಣುಕು ಕಿತ್ತಳು. ಆಮೇಲೆ, “ಅದು ನೀವು ಅಕ್ಕಾ,” ಎಂದಳು.

ಮುಗಿದ ಪುಟಗಳನ್ನೆಲ್ಲ ನಾವು ಯಜಮಾನರ ಕಂಪ್ಯೂಟರಿನಲ್ಲಿ ಅವರವರ ಫೋಲ್ಡರಿಗೆ ಹಾಕುತ್ತೇವೆ. ಅವಳ ಪಟ್ಟಿ ನನ್ನ ಫೋಲ್ಡರನ್ನು ಎಣಿಸುತ್ತಿತ್ತು. ಆ ದಿನ ನಾನು ಎಷ್ಟು ಪುಟ ಮುಗಿಸಿದೆ ಎಂಬುದು ಗಳಿಗೆಗೊಮ್ಮೆ ಅವಳ ಪರದೆಯ ಮೂಲೆಗೆ ಬಂದು ಕೂರುತ್ತಿತ್ತು.

“ನಾನು ಬಂದಾಗಿಂದ ನಿಮ್ಮ ಕೈ ನೋಡಿ ಹೊಟ್ಟೆ ಉರ್ಕೋತಿದೀನಿ,” ಎಂದಳು. “ಕಣ್ಮುಂದೆ ಇದ್ರೆ ಸೋಮಾರಿತನ ಮಾಡಲ್ಲ ಅಂತ ಹಾಕ್ಕೊಂಡೆ. ಬೇಜಾರಾಯ್ತಾ?”

ಬೇಜಾರೇ? ನನಗೆ ಎದ್ದು ಕುಣಿಯಬೇಕೆನ್ನಿಸಿತು. ಇಷ್ಟು ದಿನ ನಾನು ಯಾವ ಪಟ್ಟಿಯನ್ನು ನೋಡಿ ಮೈ ಪರಚಿಕೊಂಡಿದ್ದೆನೋ ಅದರೊಳಗೆ ನಾನೇ ಇದ್ದೆ. ಮೇಲಿನ ಅಲಂಕಾರವೆಲ್ಲ ಬೀಗರಿಗೆ, ಯಜಮಾನರಿಗೆ. ಮೂಲೆಯ ಅಂಕಿ ಮಾತ್ರ ಅವಳಿಗೆ. ಶೀರ್‌ಖುರ್ಮಾವನ್ನು ಆವತ್ತು ನಾನು ತಿಂದಷ್ಟು ಸಂತೋಷವಾಗಿ ಅವರ ಮನೆಯಲ್ಲೂ ಯಾರೂ ತಿಂದಿರಲಿಕ್ಕಿಲ್ಲ. ಹಾಗಾದರೆ ನಿನ್ನ ಅಂಕಿಯನ್ನೂ ನನ್ನ ಪಟ್ಟಿಗೆ ಹಾಕು, ಸಮಾಸಮ ಇರಲಿ ಎಂದೆ. ಅವಳು ನಕ್ಕು ಹಾಕಿಕೊಟ್ಟಳು.

ಆಮೇಲಿನ ತಿಂಗಳುಗಳಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಪುಟ ಮುಗಿಸಿ ಉಳಿಸಿದ ಕೂಡಲೇ ಓರೆಗಣ್ಣಿನಲ್ಲಿ ಅವಳ ಕಡೆ ನೋಡುತ್ತಿದ್ದೆ. ಅವಳ ಪರದೆಯಲ್ಲಿ ನಾನು ಒಂದು ಹೆಜ್ಜೆ ಮೇಲೇರುತ್ತಿದ್ದೆ, ಅವಳ ತುಟಿ ಒಂದಿಷ್ಟು ಬಿಗಿಯುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಕಾಫಿ ಆರಿಹೋದರೂ ಏಳುತ್ತಿರಲಿಲ್ಲ. ಬೀಗರು ಬರಲಿ, ಅವಳ ಕುರ್ಚಿಯ ಹಿಂದೆಯೇ ನಿಲ್ಲಲಿ, ಅವರು ನೋಡುತ್ತಿರುವುದು ಏನೆಂದು ಅವರಿಗೇನು ಗೊತ್ತು. ಇವತ್ತು ನನ್ನ ಪ್ರಾಣ ತೆಗೆದಿರಲ್ಲ ಅಕ್ಕಾ ಎಂದು ಸಂಜೆ ಬಸ್ಸಿನಲ್ಲಿ ಅವಳು ಕೈ ನೀವಿಕೊಳ್ಳುವಳು. ಸುಮ್ಮನೆ ಬಿಡೇ ಎಂದು ನಾನು ದೊಡ್ಡಸ್ತಿಕೆ ತೋರಿಸುವೆ. ಕಿಟಕಿಯ ಪಕ್ಕ ಅವಳೇ ಕೂರುತ್ತಿದ್ದಳು, ನನಗೆ ಈಗ ಅದರಿಂದ ಏನೂ ಆಗುತ್ತಿರಲಿಲ್ಲ.

ಅವಳು ಹತ್ತಿರ ಬರುತ್ತಿದ್ದದ್ದು ನನ್ನ ಪಟ್ಟಿಯಲ್ಲೇ ಕಾಣುತ್ತಿತ್ತು. ಮೊದಲು ಊಟದ ಹೊತ್ತಿಗೆ ನನ್ನ ಅರ್ಧಕ್ಕಿರುತ್ತಿದ್ದವಳು ಆಮೇಲಾಮೇಲೆ ಎರಡು ಪುಟ ಹಿಂದೆ, ಒಂದು ಪುಟ ಹಿಂದೆ. ಕೋಳಿ ಕಾಳು ಹೆಕ್ಕುವುದು ನಿಂತು ಯಾವ ಕಾಲವಾಗಿತ್ತೋ, ಅವಳ ಕೀಬೋರ್ಡಿನ ಸದ್ದು ಈಗ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬರುತ್ತಿತ್ತು. ಒಂದು ದಿನ ಸಮ ಬಂದಳು. ಮತ್ತೊಂದು ದಿನ ದಾಟಿದಳು. ನಾನು ಮಣಿಕಟ್ಟಿಗೆ ಬ್ಯಾಂಡೇಜು ಕಟ್ಟಿಕೊಂಡು ಹೊಡೆದೆ, ಮರುದಿನ ನಾನು ದಾಟಿದೆ. ಆಮೇಲೆ ನಾನು ದಾಟುವ ದಿನಗಳು ಕಡಿಮೆಯಾದವು. ಹುಳ ತಿಂದ ಪುಟಗಳ ಕಟ್ಟು ಬಂದಾಗ ಯಜಮಾನರು ನಮ್ಮಿಬ್ಬರ ನಡುವೆ ಒಂದು ಗಳಿಗೆ ನಿಂತು, ಅವಳ ಮೇಜಿನ ಮೇಲೆ ಇಟ್ಟು ಹೋದರು. ಪೂರ್ತಿ ಕಟ್ಟು.

ಹೊಟ್ಟೆ ಉರಿಯಿತು. ಆದರೂ ಒಂದು ಸಮಾಧಾನವಿತ್ತು. ಅವಳ ಮೂಲೆಯಲ್ಲಿ ನಾನಿದ್ದೇನೆ, ನನ್ನನ್ನು ನೋಡಿಕೊಂಡೇ ಅವಳು ಓಡುತ್ತಿದ್ದಾಳೆ ಎಂದು.

ಮಳೆ ಹಿಡಿದ ಒಂದು ಬೆಳಗ್ಗೆ, ಬಸ್ಸು ತಡವಾಗಿ ನಾನು ಬರುವಷ್ಟರಲ್ಲಿ ಅವಳು ಆಗಲೇ ಕೂತು ಹೊಡೆಯುತ್ತಿದ್ದಳು. ನಾನು ಒಂದು ಪುಟ ಮುಗಿಸಿ ಉಳಿಸಿ, ಅಭ್ಯಾಸಬಲದಿಂದ ಅವಳ ಕಡೆ ತಿರುಗಿದಾಗ ಕಣ್ಣು ಪಟ್ಟಿಯ ಬಲಮೂಲೆಯ ಮೇಲೆ ಬಿತ್ತು. ಅಲ್ಲಿ ಗಡಿಯಾರ ಇತ್ತು. ಬೀರೂರಿನಿಂದ ತರೀಕೆರೆ ಬಸ್ಸು ಹೊರಡಲು ಇನ್ನೆಷ್ಟು ಹೊತ್ತಿದೆ ಎಂದು ತೋರಿಸುವ ಗಡಿಯಾರ. ಇನ್ನೊಂದು ಮೂಲೆ ನೋಡಿದೆ, ಮಧ್ಯ ನೋಡಿದೆ. ನನ್ನ ಅಂಕಿ ಎಲ್ಲೂ ಇರಲಿಲ್ಲ. ಕೇಳಬಾರದು ಎಂದುಕೊಂಡು ಊಟದವರೆಗೆ ತಡೆದೆ. ಬುತ್ತಿ ಬಿಚ್ಚುವಾಗ ಬಾಯಿ ತಾನಾಗಿಯೇ ಕೇಳಿಬಿಟ್ಟಿತು.

“ನಂದು ತೆಗೆದ್ಬಿಟ್ಯಾ?”

“ಯಾವುದು ಅಕ್ಕಾ? ಓ, ಅದಾ,” ಎಂದಳು. ನೆನಪಿಸಿಕೊಳ್ಳಲು ಅವಳಿಗೆ ಒಂದು ಕ್ಷಣ ಬೇಕಾಯಿತು. “ಹೋದ ತಿಂಗಳೇ ತೆಗೆದೆ. ಈಗ ಬೇಕಾಗಲ್ಲ ಅಲ್ವಾ.”

ಕುಹಕವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಜಗಳ ತೆಗೆಯಬಹುದಿತ್ತು. ಹೋದ ತಿಂಗಳೆಲ್ಲ ನಾನು ಅವಳ ಕಡೆ ಓರೆಗಣ್ಣಿನಲ್ಲಿ ನೋಡಿದ್ದು ಅವಳ ಮುಖವನ್ನೇ ಇರಬೇಕು, ಮೂಲೆಯನ್ನು ಸರಿಯಾಗಿ ನೋಡಿರಲೇ ಇಲ್ಲ. ಅವಳ ತುಟಿ ಬಿಗಿಯುತ್ತಿದ್ದದ್ದು ಹುಳ ತಿಂದ ಪುಟದ ಅಕ್ಷರ ಕಾಣದ್ದಕ್ಕೆ.

ಅವಳು ಕೈ ತೊಳೆದು ಬಂದು ನನ್ನ ಪರದೆಯ ಮುಂದೆ ಬಗ್ಗಿದಳು. “ನಿಮ್ಮದ್ರಲ್ಲೂ ನಂದು ಹಂಗೇ ಇದೆಯಲ್ಲ. ತೆಗೀಲಾ ಅಕ್ಕಾ?”

“ಇರ್ಲಿ ಬಿಡೇ,” ಎಂದೆ.