ದೊಡ್ಡ ಮನೆಯ ಪರದೆಯ ನೆರಿಗೆ

ನನ್ನ ಓರಗಿತ್ತಿಗೆ ಮನೆಯವರೆಲ್ಲ ಇಟ್ಟ ಹೆಸರು ಮಾತಿನಮಲ್ಲಿ. ಕಲ್ಲನ್ನೂ ಮಾತಾಡಿಸುವವಳು. ಹೊಳೆದಂಡೆಯ ಉದ್ಯಾನದಲ್ಲಿ ಹಳೇ ಕಾಲದ ಮನೆಗಳನ್ನು ಜನರಿಗೆ ತೋರಿಸುವುದು ಅವಳ ಕೆಲಸ. ಒಂದು ಕಾಲಕ್ಕೆ ಅಲ್ಲಿನ ದೊಡ್ಡ ಮನೆಯಲ್ಲಿ ನಾವಿಬ್ಬರೂ ದುಡಿದವರೇ. ನಾನು ಹತ್ತೊಂಬತ್ತು ವರ್ಷ ಬಟ್ಟೆ ಒಗೆದೆ. ಅವಳು ಎರಡೇ ವರ್ಷ ಪಾತ್ರೆ ತೊಳೆದಳು. ನನ್ನ ಗಂಡ ತೀರಿಕೊಂಡ ವರ್ಷ ಆ ಮನೆ ಉದ್ಯಾನಕ್ಕೆ ಸೇರಿತು. ಓದು ಬರುತ್ತದೆಂದು ಕೆಲಸ ಅವಳಿಗೆ ಸಿಕ್ಕಿತು. ನನ್ನದು ಎರಡನೇ ಕ್ಲಾಸು. ಏಳು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಹೊಟ್ಟೆಕಿಚ್ಚು ಅಂದರೆ ಅನ್ನಲಿ.

ಕಳೆದ ಭಾನುವಾರ ಸೊಸೆ ಬಿಡದೆ ಕರೆದುಕೊಂಡು ಹೋದಳು. ಜೊಂಡಿನ ನಡುವಿನ ಕಾಲುದಾರಿಯಲ್ಲಿ ನೀರುಕಾಗೆ ತೋರಿಸಿದಳು. ನನ್ನ ಕಣ್ಣೆಲ್ಲ ದೊಡ್ಡ ಮನೆಯ ಮೇಲೆ. ಒಳಗೆ ಓರಗಿತ್ತಿ ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಂಡು ನಿಂತಿದ್ದಳು. ಇಪ್ಪತ್ತು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಮಾತನ್ನು ನನ್ನ ಮಕ್ಕಳೂ ಹಾಗೆ ಕೇಳಿದವರಲ್ಲ.

"ಈ ಪರದೆ ನೋಡಿ. ಒಂದೊಂದು ನೆರಿಗೇನೂ ಇಸ್ತ್ರಿಪೆಟ್ಟಿಗೇಲಿ ಒತ್ತಿ ಕೂರಿಸ್ತಿದ್ವಿ."

ಕೂರಿಸ್ತಿದ್ವಿ! ನನ್ನ ಮೈ ಉರಿದುಹೋಯಿತು.

"ನೀನ್ಯಾವಾಗ ಕೂರಿಸಿದ್ಯೇ? ಇದಕ್ಕೆ ಇಸ್ತ್ರಿ ತಾಗಿಸಿದ್ರೆ ಹಳದಿ ಕಲೆ ಬೀಳತ್ತೆ. ತೆಳು ಗಂಜೀಲಿ ಅದ್ದಿ, ಬೆರಳಲ್ಲೇ ಮಡಚಿ, ಲಾಡಿ ಕಟ್ಟಿ, ನೆರಳಲ್ಲಿ ಎರಡು ದಿನ ನೇತುಹಾಕಬೇಕು."

ಅವಳ ಮಾನ ಹೋಗಲಿ ಎಂದೇ ಅಂದದ್ದು. ಅವಳೋ ನಕ್ಕಳು.

"ನಮ್ಮಕ್ಕ! ಇದನ್ನೆಲ್ಲ ಮಾಡ್ತಿದ್ದೋರೇ ಇವರು. ಬನ್ನಿ ಅಕ್ಕ, ನೀವೇ ಹೇಳಿ."

ಇಪ್ಪತ್ತು ಮುಖ ನನ್ನ ಕಡೆ ತಿರುಗಿದವು. ಬಾಯಿಗೆ ಬಾರದ್ದು ಕೈಗಾದರೂ ಬಂದೀತೆಂದು, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಪರದೆ ಹಿಡಿದೆ.

"ಏಯ್ ಅಜ್ಜಿ, ಮುಟ್ಟಬಾರದು!" ಎಂದು ಕಾವಲುಗಾರ ಓಡಿಬಂದ.

"ಇರಲಿ ಬಿಡಪ್ಪ, ನಾನೇ ಹೇಳಿದ್ದು," ಎಂದಳು ಅವಳು. ಅವನು ಸರಕ್ಕನೆ ಹಿಂದೆ ಸರಿದ. ನಾನು ಸಾವಿರ ಸಲ ಒಗೆದ ಬಟ್ಟೆ. ಮುಟ್ಟಲು ಅವಳ ಅಪ್ಪಣೆ!

ಬೆರಳು ಮರೆತಿರಲಿಲ್ಲ. ನಾಲ್ಕು ನೆರಿಗೆ ಮಡಚಿ ತೋರಿಸಿದೆ. ಜನ ಚಪ್ಪಾಳೆ ಹೊಡೆದರು, ಎಲ್ಲರಿಗಿಂತ ಜೋರಾಗಿ ಅವಳೇ. ಆಮೇಲೆ ಅವಳ ಬೆನ್ನುಹತ್ತಿ ಮುಂದಿನ ಕೋಣೆಗೆ ಹೋದರು.

ಹೊಳೆಯ ಬದಿಯಲ್ಲಿ ವಾಪಸು ಬರುವಾಗ ಸೊಸೆ, "ಚಿಕ್ಕತ್ತೆ ಎಷ್ಟು ಒಳ್ಳೇವ್ರು, ಅಲ್ವಾ ಅತ್ತೆ?" ಎಂದಳು.

"ಅದೇ ಕಣೇ ನನ್ನ ಸಂಕಟ," ಎಂದೆ. "ಕೆಟ್ಟವಳಾಗಿದ್ರೆ ಬೈಕೊಂಡಾದ್ರೂ ಸುಖವಾಗಿರ್ತಿದ್ದೆ."