ಹಿಂದೆ ನಿಲ್ಲಬೇಕಾದ ಹುಡುಗಿ

ಸುಮಾ, ವೀರೂ, ನಿಮ್ಮ ಅಜ್ಜಿ ಇದ್ದಕ್ಕಿದ್ದಂತೆ ಇಷ್ಟುದ್ದ ಬರೆದಿದ್ದಾಳೆಂದು ಗಾಬರಿಯಾಗಬೇಡಿ. ನನಗೇನೂ ಆಗಿಲ್ಲ. ಇವತ್ತು ಬೆಳಿಗ್ಗೆ ಒಂದು ಮಂಗ ಬಂದಿತ್ತು, ಅದರಿಂದ ಹಳೆಯದೊಂದು ಸಂಗತಿ ನೆನಪಾಯಿತು, ಅಷ್ಟೇ.

ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದೆ. ಬದಾಮಿಯಲ್ಲಿ ಸಂಡಿಗೆ ಒಣಹಾಕುವುದೂ ಒಂದೇ, ಮಂಗಗಳಿಗೆ ಎಲೆ ಹಾಕಿ ಬಡಿಸುವುದೂ ಒಂದೇ. ಆದರೆ ಇವತ್ತು ಬಂದದ್ದು ದೋಚುವ ಜಾತಿಯ ಮಂಗವಲ್ಲ. ಹಳೆಯ ಧೋತರದ ಅಂಚಿಗೆ ಹಿರಿಯನ ಹಾಗೆ ಕೂತು ಒಂದೊಂದೇ ಸಂಡಿಗೆ ಎತ್ತಿ ನೋಡುತ್ತಿತ್ತು. ಮೂಸುವುದು, ಒಂದು ಚೂರು ಕಡಿಯುವುದು, ಮುಖ ಸಿಂಡರಿಸಿ ಬಿಸಾಡುವುದು, ಇನ್ನೊಂದು ಎತ್ತುವುದು. ಅದರ ಗಾಂಭೀರ್ಯ ನೋಡಿ ನನಗೆ ನವನಗರದ ಮೈದಾನದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಮೂವರು ದೊಡ್ಡ ಮನುಷ್ಯರು ನೆನಪಾದರು. ಬಾಗಿಲ ಹಿಂದೆ ಇಟ್ಟಿದ್ದ, ಸುಮಾನ ಹಳೆಯ ಹಾಕಿ ಸ್ಟಿಕ್ಕು ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಸ್ಟಿಕ್ಕು ಕಂಡದ್ದೇ ಮಂಗ ಜಾಗ ಬಿಟ್ಟಿತು. ಆ ಮೂವರಿಗಿಂತ ಅದಕ್ಕೇ ಹಾಕಿ ಹೆಚ್ಚು ತಿಳಿಯುತ್ತದೆ.

ಅಷ್ಟರಲ್ಲಿ ಫೋನು ಬಂತು. ಸುಮಾ, ನಿನ್ನದೇ. "ಅಜ್ಜಿ, ಬರೂ ಐತವಾರ ನವನಗರದಾಗ ಸಣ್ಣ ಹುಡುಗ್ಯಾರನ್ನ ಟೀಮಿಗೆ ಆರಸೂದೈತಿ. ಆರಸಾಕ ನನ್ನನ್ನೂ ಕರದಾರ. ನಿನ್ನ ಮೊಮ್ಮಗಳು ಕುರ್ಚಿ ಮ್ಯಾಲ ಕೂಡತಾಳ ನೋಡು!" ಎಂದೆ. ನಾನು "ಛಲೋ ಆತವ್ವಾ" ಎಂದು ಫೋನು ಇಟ್ಟೆ. ಅಲ್ಲಿಂದ ಮನಸ್ಸು ಒಂದು ಕಡೆ ನಿಂತಿಲ್ಲ. ಆ ಕುರ್ಚಿಯಲ್ಲಿ ಕೂತವರು ಒಂದು ಕಾಲಕ್ಕೆ ನಿನ್ನ ಬಗ್ಗೆ ಏನೇನು ಮಾತಾಡಿದ್ದರು ಎನ್ನುವುದು ನಿನಗೆ ಗೊತ್ತಿಲ್ಲ. ನೀನು ಮೈದಾನದಲ್ಲಿದ್ದೆ. ನಾನು ಅವರ ಬೆನ್ನ ಹಿಂದಿದ್ದೆ. ಬಾಯಿಬಿಟ್ಟು ಹೇಳೋಣವೆಂದರೆ ನಿಮ್ಮ ಅಜ್ಜಿಯ ನಾಚಿಕೆ ನಿಮಗೆ ತಿಳಿದದ್ದೇ. ಕರೆಂಟಿನ ಮೀಟರ್ ನೋಡುವವನು ಬಂದರೆ ನಾನು ಬಾಗಿಲ ಹಿಂದೆ ನಿಂತು "ಮನ್ಯಾಗ ಯಾರೂ ಇಲ್ರಿ" ಎನ್ನುವವಳು. ಆತ ಪಾಪ, "ಹಂಗಾದ್ರ ಈಗ ಮಾತಾಡಿದವ್ರು ಯಾರ್ರಿ?" ಎಂದು ಒಮ್ಮೆ ಕೇಳಿಯೂ ಇದ್ದ. ಕಾಗದದಲ್ಲಾದರೆ ಯಾರೂ ನನ್ನ ಮುಖ ನೋಡುವುದಿಲ್ಲ.

ವೀರೂ, ನೀನಾಗ ಅಂಬೆಗಾಲಿಡುತ್ತಿದ್ದೆ. ನಿನಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಕಿಯಲ್ಲಿ ಮುಂದೆ ಓಡಿ ಗೋಲು ಹೊಡೆಯುವವರು ಫಾರ್ವರ್ಡ್‌ಗಳು, ಹಿಂದೆ ನಿಂತು ಗೋಲು ಕಾಯುವವರು ಬ್ಯಾಕ್‌ಗಳು. ನಿಮ್ಮಕ್ಕ ಬ್ಯಾಕ್. ಎದುರಿನವರಿಂದ ಚೆಂಡು ಕಸಿದುಕೊಂಡ ಮೇಲೆ ಅದನ್ನು ಮುಂದಿನವರಿಗೆ ದಾಟಿಸಿ ತನ್ನ ಜಾಗದಲ್ಲಿ ನಿಂತುಕೊಳ್ಳುವುದು ಬ್ಯಾಕಿನ ಧರ್ಮ. ನಿಮ್ಮಕ್ಕನಿಗೆ ಆ ಧರ್ಮ ಒಗ್ಗಲಿಲ್ಲ. ಚೆಂಡು ಸಿಕ್ಕರೆ ತಾನೇ ತೆಗೆದುಕೊಂಡು ನಡುಗೆರೆ ದಾಟಿ ಎದುರಿನವರ ಗೋಲಿನ ತನಕ ಹೋಗಿಬಿಡುವಳು. ಅವಳ ಶಾಲೆಯ ಆಟದ ಮಾಸ್ತರರು ಇದನ್ನು ಗೆದ್ದ ದಿನ "ದೇವರು ಕೊಟ್ಟದ್ದು" ಎನ್ನುತ್ತಿದ್ದರು, ಸೋತ ದಿನ "ಹುಚ್ಚು" ಎನ್ನುತ್ತಿದ್ದರು.

ಆಗ ಅವಳು ಶಾಲೆಯಲ್ಲಿ ಎಂಟನೇ ಇಯತ್ತೆ. ಜಿಲ್ಲಾ ಟೀಮಿಗೆ ಹುಡುಗಿಯರನ್ನು ಆರಿಸುವುದಿತ್ತು. ನಿಮ್ಮಪ್ಪ ಹಿಂದಿನ ರಾತ್ರಿಯೇ ತೀರ್ಪು ಕೊಟ್ಟಿದ್ದ: "ಆರಿಸಿದ್ರ ಆಡ್ಲಿ. ಇಲ್ಲಂದ್ರ ಕೋಲು ಅಟ್ಟಕ್ಕ, ಹುಡುಗಿ ಪುಸ್ತಕಕ್ಕ." ನಿಮ್ಮವ್ವನಿಗೆ ಅವತ್ತು ಕೆಲಸದಿಂದ ಬಿಡುವು ಸಿಗಲಿಲ್ಲ. ಹುಡುಗಿಯ ಜೊತೆ ದೊಡ್ಡವರೊಬ್ಬರು ಇರಲಿ ಎಂದು ನನ್ನನ್ನು ಕಳಿಸಿದರು. ಯಾರ ಜೊತೆ ಯಾರು ಇದ್ದರು ಎನ್ನುವುದು ಬೇರೆ ಮಾತು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನನ್ನು ಕೇಳಿದವಳು ಸುಮಾ, ನನಗೆ ಕಿಟಕಿಯ ಪಕ್ಕ ಜಾಗ ಹಿಡಿದವಳು ಸುಮಾ, ಇಳಿಯುವಾಗ ನನ್ನ ಬುತ್ತಿಯ ಗಂಟು ಹಿಡಿದವಳೂ ಅವಳೇ.

ನವನಗರದಲ್ಲಿ ಎಲ್ಲವನ್ನೂ ಗೆರೆ ಹೊಡೆದು ಮಾಡಿದ್ದಾರೆ. ರಸ್ತೆ ನೆಟ್ಟಗಿದೆ, ಮನೆಗಳು ಸಾಲಾಗಿ ನಿಂತಿವೆ. ನೆರಳು ಮಾತ್ರ ನಕ್ಷೆಯಲ್ಲಿ ಮರೆತುಹೋಗಿರಬೇಕು. ಮೈದಾನದಲ್ಲಿದ್ದ ನೆರಳೆಲ್ಲ ಒಂದು ಶಾಮಿಯಾನದ ಕೆಳಗಿತ್ತು, ಶಾಮಿಯಾನ ಆರಿಸುವವರದಾಗಿತ್ತು. ಅದರ ಹಿಂದಿನ ಪರದೆಗೆ ಹೊಂದಿಕೊಂಡು ಒಂದು ಪಟ್ಟಿ ನೆರಳು ಬಿದ್ದಿತ್ತು. ಪರದೆಯ ಸಂದಿಯಿಂದ ಅವರು ಕಾಣುತ್ತಿದ್ದರು, ಪಕ್ಕದಿಂದ ಮೈದಾನ ಕಾಣುತ್ತಿತ್ತು. ನಾನು ಬುತ್ತಿ ಮಡಿಲಲ್ಲಿ ಇಟ್ಟುಕೊಂಡು ಅಲ್ಲಿ ಕೂತೆ. ಅವರಿಗೂ ನನಗೂ ನಡುವೆ ಬರೀ ಬಟ್ಟೆ.

ಹೆಸರು ಗೊತ್ತಿಲ್ಲ, ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ಒಬ್ಬರು ಟೊಪ್ಪಿಗೆ ಹಾಕಿದ ಹಿರಿಯರು, ಹಿಂದೊಮ್ಮೆ ಆಡಿದವರು. ಹಿಂದೊಮ್ಮೆ ಆಡಿದ್ದನ್ನು ಯಾರೂ ಮರೆಯದಂತೆ ನೋಡಿಕೊಳ್ಳುವವರು. ಇನ್ನೊಬ್ಬ ಕೊರಳಲ್ಲಿ ಸೀಟಿ ಹಾಕಿಕೊಂಡ ಹರೆಯದವ. ಊದುವುದು ಮತ್ತು "ಹೌದ್ರಿ ಸರ್" ಎನ್ನುವುದು, ಇವೆರಡು ಅವನ ಕೆಲಸ. ಮೂರನೆಯವರು ಶಲ್ಯ ಹೊದ್ದವರು, ಶಾಮಿಯಾನವನ್ನೂ ಊಟವನ್ನೂ ಕೊಡಿಸಿದ್ದವರು. ಅವರಿಗೆ ಹಾಕಿಯ ಗಂಧವಿರಲಿಲ್ಲ, ಹಾಗಾಗಿ ಹೆಚ್ಚು ಮಾತಾಡಿದವರು ಅವರೇ.

ಮುಂಜಾನೆ ಹುಡುಗಿಯರನ್ನು ಓಡಿಸಿದರು, ಜಿಗಿಸಿದರು. ಆಮೇಲೆ ಕಲ್ಲುಗಳನ್ನು ಸಾಲಾಗಿ ಇಟ್ಟು ಒಬ್ಬೊಬ್ಬರೇ ಅವುಗಳ ನಡುವೆ ಚೆಂಡು ತೆಗೆದುಕೊಂಡು ಹೋಗಬೇಕೆಂದರು. ಎದುರಿನವರನ್ನು ತಡೆಯುವುದು ಬ್ಯಾಕಿನ ಕಸುಬು. ತಡೆಯುತ್ತಾಳೋ ಇಲ್ಲವೋ ಎಂದು ನೋಡಲು ಕಲ್ಲು ಇಟ್ಟರು. ಕಲ್ಲು ಯಾವತ್ತಾದರೂ ಗೋಲು ಹೊಡೆಯಲು ಓಡಿಬಂದೀತೇ?

"ಈ ಹುಡುಗಿ ಎತ್ತರ ಸಾಲದ್ರಿ," ಎಂದರು ಶಲ್ಯ, ಸುಮಾನ ಸರದಿ ಬಂದಾಗ.

"ನಡಗಿ ಛಲೋ ಐತಿ," ಎಂದರು ಟೊಪ್ಪಿಗೆ.

"ಹೌದ್ರಿ ಸರ್, ನಡಗಿ," ಎಂದ ಸೀಟಿಯವ.

"ಯಾರ ಪೈಕಿ ಅಂತ?" ಎಂದರು ಮತ್ತೆ ಶಲ್ಯ.

ಪರದೆಯ ಹಿಂದೆ ನನ್ನ ಕೈ ತಾನಾಗಿಯೇ ಸೆರಗು ಸರಿಮಾಡಿಕೊಂಡಿತು. ಈ ಮಾತುಗಳನ್ನು ನಾನು ಮೊದಲೇ ಕೇಳಿದ್ದೆ. ಕಲಾದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ನನ್ನನ್ನು ನೋಡಲು ಬಂದವರನ್ನು ಕೂಡಿಸಿದ್ದರು. ಅವ್ವನ ಇಳಕಲ್ಲ ಸೀರೆ ಉಟ್ಟು ಬಂದು ನಿಂತೆ. ನಡೆದು ತೋರಿಸು ಎಂದರು, ನಡೆದೆ. ಸೂಜಿಗೆ ದಾರ ಪೋಣಿಸು ಎಂದರು, ಪೋಣಿಸಿದೆ. ಒಬ್ಬ ಮುದುಕಿ ನನ್ನ ಜಡೆ ಜಗ್ಗಿ, ಕೂದಲು ನನ್ನದೇ ಎಂದು ಎಲ್ಲರಿಗೂ ಸಾರಿದಳು. ಊರ ಶಾಲೆಯಲ್ಲಿ ಏಳನೇ ಇಯತ್ತೆಯ ತನಕ ನಾನೇ ಮೊದಲು. ಅದನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ, "ರೊಟ್ಟಿ ಬಡೀತಿಯೇನು?" ಅದಕ್ಕೂ ಉತ್ತರ ಕೊಟ್ಟವಳು ಅವ್ವ. ಕಡೆಗೆ ಹಿರಿಯರು ಹೇಳಿದರು: "ಹುಡುಗಿ ತಲಿ ಎತ್ತಂಗಿಲ್ಲ, ಬಾಯಿ ತಗಿಯಂಗಿಲ್ಲ. ನಮಗ ಇಂಥಾಕೀನ ಬೇಕಾಗಿತ್ತು." ಹೀಗೆ ನಾನು ಆಯ್ಕೆಯಾದೆ. ಅವರಿಗೆ ಬೇಕಾಗಿದ್ದು ಒಳ್ಳೆಯ ಬ್ಯಾಕ್, ಸಿಕ್ಕಿದ್ದೂ ಒಳ್ಳೆಯ ಬ್ಯಾಕ್. ನಿಮ್ಮ ಅಜ್ಜ ಮಾತ್ರ ಮದುವೆಯಾಗಿ ಎಷ್ಟೋ ದಿನ ನನ್ನನ್ನು ಮೂಕಿಯೆಂದೇ ತಿಳಿದಿದ್ದರಂತೆ. ಯಾರನ್ನು ಕೇಳುವುದು ಎಂದು ಅವರಿಗೂ ನಾಚಿಕೆ.

ಇರಲಿ, ಮೈದಾನಕ್ಕೆ ಬರೋಣ. ಮಧ್ಯಾಹ್ನ ಬದಾಮಿ ಕಡೆಯ ಹುಡುಗಿಯರಿಗೂ ಹುನಗುಂದ ಕಡೆಯವರಿಗೂ ಆಟ ಹಚ್ಚಿದರು. ಸುಮಾ ದಾಂಡಿಗನಂಥ ಒಬ್ಬ ಹುನಗುಂದದ ಹುಡುಗಿಯಿಂದ ಚೆಂಡು ಕಸಿದು, ಧೂಳೆಬ್ಬಿಸುತ್ತ ಮುಂದೆ ಹೋಗಿ, ಕೆಂಪು ರಿಬ್ಬನ್ನಿನ ಹುಡುಗಿಯ ಕೋಲಿನ ಮುಂದೆ ಅದನ್ನು ತಟ್ಟೆಯಲ್ಲಿಟ್ಟಂತೆ ಇಟ್ಟಳು. ರಿಬ್ಬನ್ನಿನವಳು ಹೊಡೆದಳು. ಗೋಲು.

"ಯಾರು ಹೊಡದಾಕಿ?" ಎಂದರು ಟೊಪ್ಪಿಗೆ.

"ಕೆಂಪು ರಿಬ್ಬನ್ರಿ ಸರ್."

"ಬರಕೋ, ಬರಕೋ. ಭಾರಿ ಹುಡುಗಿ."

ಸ್ವಲ್ಪ ಹೊತ್ತಿಗೆ ಸುಮಾ ಮತ್ತೆ ಹೋದಳು. ಈ ಸಲ ನಡುವೆಯೇ ಚೆಂಡು ಕಳೆದುಕೊಂಡಳು. ಹುನಗುಂದದವರು ಅವಳು ಬಿಟ್ಟುಹೋದ ಖಾಲಿ ಜಾಗದಲ್ಲಿ ನುಗ್ಗಿ ಗೋಲು ಹೊಡೆದರು.

"ಅದು ಯಾರ ಜಾಗಾಲೇ?"

"ಆ ಗಿಡ್ಡ ಹುಡುಗೀದ್ರಿ ಸರ್."

"ಬರಕೋ!"

ಸುಳ್ಳು ಹೇಳುವುದಿಲ್ಲ, ಸುಮಾ, ಆ ಗೋಲು ನಿನ್ನಿಂದಲೇ ಹೋಯಿತು. ಹಾಕಿ ತಿಳಿಯದ ನನಗೂ ಅದು ತಿಳಿಯಿತು. ಆದರೆ ನೀನು ಮಾಡಿಕೊಟ್ಟ ಗೋಲು ರಿಬ್ಬನ್ನಿನ ಹೆಸರಿಗೆ, ಬಿಟ್ಟ ಗೋಲು ನಿನ್ನ ಹೆಸರಿಗೆ. ಈ ಲೆಕ್ಕ ನನಗೆ ಹೊಸದಲ್ಲ. ಕೂಡಿದ ಮನೆಯಲ್ಲಿ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ, ನನ್ನ ನೆಗೆಣ್ಣಿ, ಮನೆಯ ಇನ್ನೊಬ್ಬ ಸೊಸೆ, ಹೊರಗೆ ಬಡಿಸುತ್ತಿದ್ದಳು. ಉಂಡವರು "ಊಟ ಭಾಳ ಛಲೋ ಆತ್ರಿ ವೈನಿ" ಎಂದು ಅವಳಿಗೆ ಹೇಳಿ ಕೈ ತೊಳೆಯುವರು. ರೊಟ್ಟಿ ಕರಕಾದ ದಿನ ಮಾತ್ರ ಒಲೆಯ ಕಡೆ ಮುಖ ಮಾಡಿ ನನ್ನ ಹೆಸರು ಹಿಡಿದು ಕರೆಯುವರು.

"ಹೆಣ್ಣುಡುಗಿ ಇಷ್ಟ ಮುಂದ ಹೋಗಬಾರದ್ರಿ, ಆಟ ಇರ್ಲಿ ಏನರ ಇರ್ಲಿ," ಎಂದರು ಶಲ್ಯ.

"ಬ್ಯಾಕ್ ಅಂದ್ರ ಬ್ಯಾಕ್," ಎಂದರು ಟೊಪ್ಪಿಗೆ. "ನಮ್ಮ ಕಾಲದಾಗ ಬ್ಯಾಕ್ ಆಡಾಂವ ಅಂದ್ರ ಕಂಬ ನಿಂತಂಗ ನಿಲ್ಲತಿದ್ದ."

"ಹೌದ್ರಿ ಸರ್, ಕಂಬ."

ಕಂಬವೇ ಬೇಕಾಗಿದ್ದರೆ ಪಟ್ಟದಕಲ್ಲಿಗೆ ಒಂದು ಬಸ್ಸು ಹಿಡಿಯಬಹುದಿತ್ತು. ಅಲ್ಲಿ ಬೇಕಾದಷ್ಟಿವೆ, ಎತ್ತರವೂ ಚೆನ್ನಾಗಿದೆ, ಇಲ್ಲಿಯ ತನಕ ಒಂದೂ ಮುಂದೆ ಹೋದದ್ದಿಲ್ಲ.

ಅಷ್ಟರಲ್ಲಿ ಊಟ ಬಂತು. ಊಟದ ಮೇಜು ಶಾಮಿಯಾನದ ಹಿಂಭಾಗದಲ್ಲಿತ್ತು. ಮೂವರೂ ಕುರ್ಚಿಗಳನ್ನು ಎತ್ತಿ ತಿರುಗಿಸಿಕೊಂಡರು. ಮೈದಾನಕ್ಕೆ ಬೆನ್ನು, ಬದನೆಕಾಯಿ ಎಣಗಾಯಿಗೆ ಮುಖ. ಆಟವನ್ನು ನಿಲ್ಲಿಸಿರೆಂದು ಯಾರೂ ಹೇಳಲಿಲ್ಲ, ಹುಡುಗಿಯರು ಬಿಸಿಲಲ್ಲಿ ಆಡುತ್ತಲೇ ಇದ್ದರು. ಇಲ್ಲಿ ಕರದಂಟಿನ ಪರೀಕ್ಷೆ ಶುರುವಾಯಿತು. ಅಂಟು ಕಡಿಮೆಯಾಗಿದೆ, ಬೆಲ್ಲದ ಪಾಕ ಒಂದೆಳೆ ಮುಂದೆ ಹೋಗಿದೆ, ಇದು ಅಂಗಡಿಯದಲ್ಲ, ಮನೆಯಲ್ಲಿ ಮಾಡಿದ್ದು. ಎಷ್ಟು ಸೂಕ್ಷ್ಮ ಅಂತೀರಿ! ಅದರ ಕಾಲುಭಾಗ ಕಣ್ಣು ಮಕ್ಕಳ ಮೇಲೆ ಬಿದ್ದಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ.

ಯಾಕೆಂದರೆ ಆಗಲೇ ಸುಮಾನ ಕೋಲಿಗೆ ಮತ್ತೆ ಚೆಂಡು ಸಿಕ್ಕಿತು. ಅವಳು ಓಡಲಿಲ್ಲ. ಚೆಂಡನ್ನು ಕೋಲಿನಿಂದ ಹಿಡಿದಿಟ್ಟು ಹಿಂದೆ ತಿರುಗಿ ನೋಡಿದಳು. ನಡುವೆ ಆಡುತ್ತಿದ್ದ ಒಬ್ಬ ಎತ್ತರದ ಹುಡುಗಿಯನ್ನು ಕೂಗಿ, ತಾನು ನಿಂತ ಜಾಗವನ್ನು ಕೈಮಾಡಿ ತೋರಿಸಿದಳು. ಆ ಹುಡುಗಿ ಓಡಿಬಂದು ಅಲ್ಲಿ ನಿಂತ ಮೇಲೆ ತಾನು ಹೊರಟಳು. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋಗುವವಳು "ಸ್ವಲ್ಪ ಹಾಲ ನೋಡವ್ವಾ" ಎಂದು ಯಾರಿಗಾದರೂ ಹೇಳಿ ಹೋಗುವುದಿಲ್ಲವೇ, ಹಾಗೆ. ಎದುರಿನವರನ್ನು ದಾಟಿ ಗೋಲಿನ ಬಾಯಿಗೆ ಹೋಗಿ ಹೊಡೆದಳು. ಗೋಲಾಗಲಿಲ್ಲ, ಚೆಂಡು ಗೋಲ್‌ಕೀಪರ್ ಹುಡುಗಿಯ ಕಾಲಿಗೆ ಬಡಿದು ಹಾರಿತು. ಹುನಗುಂದದವರು ಅದನ್ನು ತೆಗೆದುಕೊಂಡು ಈ ಕಡೆ ಓಡಿಬಂದರು. ಆದರೆ ಜಾಗ ಖಾಲಿ ಇರಲಿಲ್ಲ. ಎತ್ತರದ ಹುಡುಗಿ ತಡೆದಳು. ಏನೂ ಆಗಲಿಲ್ಲ. ಹಾಲು ಉಕ್ಕದೇ ಇದ್ದ ದಿನವನ್ನು ಯಾರು ನೆನಪಿಡುತ್ತಾರೆ?

ಊಟ ಮುಗಿಯಿತು. ಟೊಪ್ಪಿಗೆ ಬಾಯಿ ಒರೆಸಿಕೊಂಡು, "ಆ ಗಿಡ್ಡ ಹುಡುಗೀನ ಬಿಟ್ಟಬಿಡೂಣು. ತಾ ಹೋಗತಾಳ, ಹಿಂದ ಖಾಲಿ ಬಿಡತಾಳ," ಎಂದರು.

ಕೋಲು ಅಟ್ಟಕ್ಕೆ ಹೋಯಿತು ಎಂದುಕೊಂಡೆ. ಆಮೇಲೆ ನಾನು ಹೇಗೆ ಎದ್ದೆ, ಪರದೆ ಹೇಗೆ ಸರಿಸಿದೆ, ನನಗೇ ತಿಳಿಯದು. ಬುತ್ತಿಯನ್ನು ಎದೆಗೆ ಅವಚಿಕೊಂಡು ಅವರ ಮೇಜಿನ ಮುಂದೆ ನಿಂತಿದ್ದೆ. "ಯಪ್ಪಾ" ಎಂದೆ.

"ಏನವ್ವಾ? ಊಟ ಮುಗದೈತಿ. ಉಳದಿದ್ರ ಕೊಡಸ್ತೇನಿ, ಆ ಕಡೆ ನಿಂದ್ರು," ಎಂದರು ಶಲ್ಯ.

ಅವರು ಹಾಗೆನ್ನದಿದ್ದರೆ ನಾನು ಮುಂದೆ ಬಾಯಿ ಬಿಡುತ್ತಿರಲಿಲ್ಲವೋ ಏನೋ. "ಉಣ್ಣಾಕ ಬಂದಿಲ್ರಿ ನಾ. ನೀವು ಉಣ್ಣಾಕತ್ತಾಗ ಆ ಹುಡುಗಿ ಮತ್ತೊಮ್ಮೆ ಹೋಗಿದ್ಲು. ಖಾಲಿ ಬಿಟ್ಟು ಹೋಗಲಿಲ್ಲ. ಆ ಎತ್ತರದಾಕೀನ ತನ್ನ ಜಾಗಾದಾಗ ನಿಲ್ಲಿಸಿ ಹೋದ್ಲು. ಅಕೀನ್ನ ಕೇಳ್ರಿ ಬೇಕಾರ."

ಟೊಪ್ಪಿಗೆ ಸೀಟಿಯವನ ಕಡೆ ತಿರುಗಿದರು. "ನೀ ನೋಡಿದ್ಯೇನ್ಲೇ?"

ಜೀವಮಾನದಲ್ಲಿ ಮೊದಲ ಸಲ ಆತ "ಹೌದ್ರಿ ಸರ್" ಎನ್ನಲಿಲ್ಲ. ಬಾಯಲ್ಲಿ ಕರದಂಟಿತ್ತು.

"ನೀವ್ಯಾರವ್ವಾ?" ಎಂದರು ಟೊಪ್ಪಿಗೆ.

ಅವಳ ಅಜ್ಜಿ ಎಂದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಅದನ್ನು ಯೋಚಿಸಿ ಸುಮ್ಮನಾದೆ ಎಂದು ಜಂಬ ಕೊಚ್ಚಿಕೊಳ್ಳಲಾರೆ. ಬರೀ ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ. "ಅಡಗಿಯಾಕಿ ಇರಬೇಕ್ರಿ," ಎಂದರು ಶಲ್ಯ. ಇರಲಿ ಬಿಡು, ಎಷ್ಟೋ ವರ್ಷ ಅದೇ ಆಗಿದ್ದೆನಲ್ಲ.

ಟೊಪ್ಪಿಗೆ ಆ ಎತ್ತರದ ಹುಡುಗಿಯನ್ನು ಕರೆಸಿ ಕೇಳಿದರು. ಅವಳು ಏದುಸಿರು ಬಿಡುತ್ತಲೇ, "ಹೌದ್ರಿ ಸರ್. 'ನಾ ಹೊಂಟೆ, ನೀ ನಿಲ್ಲು' ಅಂದ್ಲು, ನಿಂತೆ," ಎಂದಳು. ಟೊಪ್ಪಿಗೆ ಸ್ವಲ್ಪ ಹೊತ್ತು ಮೈದಾನವನ್ನು ನೋಡಿದರು. ಅವತ್ತು ಅವರು ನಿಜವಾಗಿ ನೋಡಿದ್ದು ಆಗಲೇ ಇರಬೇಕು. "ಎಕ್ಸ್‌ಟ್ರಾದಾಗ ಬರಿ," ಎಂದರು. ಅಷ್ಟೇ. ಟೀಮಿಗಲ್ಲ, ಯಾರಿಗಾದರೂ ಪೆಟ್ಟಾದರೆ ಬೇಕಾದೀತೆಂದು ಇಟ್ಟುಕೊಳ್ಳುವ ಹೆಚ್ಚಿನವಳಾಗಿ.

ಮನೆಗೆ ಬಂದಾಗ ನಿಮ್ಮಪ್ಪ ಕಾಯುತ್ತಿದ್ದ. "ಎಕ್ಸ್‌ಟ್ರಾ ಅಂದ್ರ ಆರಿಸಿದಂಗಲ್ಲ," ಎಂದು ಕೋಲಿಗೆ ಕೈ ಹಾಕಿದ. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದು, "ಹೆಸರು ಓದ್ಯಾರೋ ತಮ್ಮಾ. ಕೋಲು ಅಲ್ಲೇ ಇರ್ಲಿ," ಎಂದೆ. ಅವನು ಕೋಲು ಬಿಟ್ಟು ನನ್ನನ್ನೇ ನೋಡಿದ, ಅವನಪ್ಪ, ನಿಮ್ಮ ಅಜ್ಜ, ಮೊದಲ ಸಲ ನನ್ನ ದನಿ ಕೇಳಿದಾಗ ನೋಡಿದ್ದ ಹಾಗೆ. ಸುಮಾ, ನೀರಿನ ಬಾಟಲಿ ಹೊತ್ತದ್ದು, ಒಬ್ಬಳ ಕಾಲು ಉಳುಕಿ ನಿನ್ನನ್ನು ಒಳಗೆ ಕರೆದದ್ದು, ಮುಂದಿನದೆಲ್ಲ ನಿನಗೆ ಗೊತ್ತು. ಎಕ್ಸ್‌ಟ್ರಾ ಆದದ್ದು ಅದೃಷ್ಟ ಎಂದು ನೀನು ಎಲ್ಲರಿಗೂ ಹೇಳುತ್ತೀ. ಇನ್ನು ಮೇಲೆ ಹಾಗೆ ಹೇಳಬೇಡ.

ಈಗ ಆ ಕುರ್ಚಿ ನಿನ್ನದು. ಹಾಕಿಯ ಬಗ್ಗೆ ನಾನು ಏನು ಹೇಳಲಿ? ಕುರ್ಚಿಯ ಬಗ್ಗೆ ಹೇಳಬಲ್ಲೆ. ಅದನ್ನು ತಿರುಗಿಸಬೇಡ. ಹಸಿವಾದರೆ ಆಟ ನಿಲ್ಲಿಸಿ ಮಕ್ಕಳಿಗೂ ಹಾಕಿ ಉಣ್ಣು. ಯಾವಳಾದರೂ ಹುಡುಗಿ ಮುಂದೆ ಓಡಿದರೆ, ಹೊರಡುವ ಮುಂಚೆ ಯಾರಿಗೆ ಹೇಳಿ ಹೋದಳು ಎಂದು ನೋಡು. ಹೇಳದೆ ಹೋಗಿದ್ದರೆ ಹೇಳಿಹೋಗುವುದನ್ನು ಕಲಿಸು, ಹೋಗುವುದನ್ನು ಬಿಡಿಸಬೇಡ.

ಇಷ್ಟು ಬರೆಯುವಷ್ಟರಲ್ಲಿ ಮೀಟರ್ ನೋಡುವವನು ಬಂದು ಬಾಗಿಲು ಬಡಿದ. ನಾನು ಹೋಗಿ ಬಾಗಿಲು ಪೂರಾ ತೆರೆದು, "ಬರ್ರಿ, ನಾ ಅದೇನಿ ಮನ್ಯಾಗ" ಎಂದೆ. ಆತ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ನೋಡಿಕೊಂಡೆ, ಮಂಗನನ್ನು ಓಡಿಸಿ ಪಕ್ಕದಲ್ಲಿಟ್ಟುಕೊಂಡಿದ್ದ ಸ್ಟಿಕ್ಕನ್ನು ಊರಿಕೊಂಡು ಎದ್ದಿದ್ದೆ, ಅದಿನ್ನೂ ನನ್ನ ಕೈಯಲ್ಲೇ ಇತ್ತು.

ಸುಮಾ, ಓದಿದ ಮೇಲೆ ಈ ಹಾಳೆಗಳನ್ನು ಮೈದಾನಕ್ಕೆ ಒಯ್ಯಬೇಡ, ಅಲ್ಲಿ ಯಾರಾದರೂ ಇವುಗಳಲ್ಲಿ ಭಜಿ ಕಟ್ಟಿಯಾರು. ವೀರೂನ ಕೈಗೆ ಕೊಡು. ವೀರೂ, ನೀನು ಇಲ್ಲಿಗೆ ಬಂದಾಗ ಟ್ರಂಕಿನಲ್ಲಿ ನನ್ನ ಇಳಕಲ್ಲ ಸೀರೆಯ ಮಡಿಕೆಯೊಳಗೆ ಇವನ್ನು ಜೋಪಾನವಾಗಿ ಇಡಪ್ಪ. ಅಕ್ಕ ಮುಂದೆ ಹೊರಟಿದ್ದಾಳೆ. ನೀನು ನಿಲ್ಲು.