ಬಂಡಿಕಣಿವೆಯ ಗ್ಯಾಂಗ್‌ಮನ್ ಹಾಕಿದ ಎರಡು ಸಹಿ

ಭದ್ರಾವತಿ ಜನ್ನಾಪುರದ ಉಜ್ಜನಪ್ಪನವರು ಮೂವತ್ತೊಂದು ವರ್ಷ ಬಂಡಿಕಣಿವೆ ರಸ್ತೆಯ ಗ್ಯಾಂಗ್‌ಮನ್ ಆಗಿದ್ದವರು. ಹಿಂದಿನ ಕಾಲದಲ್ಲಿ ಎತ್ತಿನ ಗಾಡಿಗಳು ಉಪ್ಪಿನ ಮೂಟೆ ಹೇರಿಕೊಂಡು ಹತ್ತುತ್ತಿದ್ದ ಒಂಬತ್ತು ಕಿಲೋಮೀಟರ್ ಮಣ್ಣಿನ ದಾರಿ ಅದು. ಇವತ್ತಿಗೂ ಟಾರು ಕಂಡಿಲ್ಲ. ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸುವುದು, ನೀರು ಎರಡೂ ಕಡೆ ಹರಿಯಲಿ ಎಂದು ರಸ್ತೆಯ ನಡುವೆ ಮಣ್ಣು ಎಳೆದು ಉಬ್ಬು ಕಟ್ಟುವುದು ಅವರ ಕೆಲಸ. ಮಳೆ ಪ್ರತಿ ವರ್ಷ ಆ ಉಬ್ಬನ್ನು ತಿನ್ನುತ್ತಿತ್ತು, ಇವರು ಪ್ರತಿ ವರ್ಷ ಮತ್ತೆ ಕಟ್ಟುತ್ತಿದ್ದರು. ಸಂಬಳ ಸಿಕ್ಕಿತೇ ಹೊರತು "ಚೆನ್ನಾಗಿದೆ" ಎಂಬ ಒಂದು ಮಾತು ಯಾರಿಂದಲೂ ಸಿಗಲಿಲ್ಲ.

ಕೊನೆಗೆ ಆ ಮಾತು ಆಡಿದವರು ಶಿವಮೊಗ್ಗದ ಸೈಕಲ್ ಬಳಗದವರು. ಡಾಕ್ಟರು ನನ್ನ ಹೊಟ್ಟೆ ನೋಡಿ ಬೈದ ಮೇಲೆ ನಾನೂ ಅದಕ್ಕೆ ಸೇರಿದ್ದೇನೆ. ಏರಿನಲ್ಲಿ ಇಳಿದು ತಳ್ಳುವವರ ಪೈಕಿ ನಾನೇ ಹಿರಿಯ. ಭಾನುವಾರ ಬಂತೆಂದರೆ ಕಣಿವೆಯಲ್ಲಿ ನಮ್ಮ ಸೈಕಲ್ಲು, ಪರಊರಿನವರ ಬೈಕು, ಎಲ್ಲರ ಮೈಮೇಲೂ ಕೆಂಪು ಧೂಳು. ಈ ರಸ್ತೆಗೆ ಟಾರು ಬರುತ್ತದಂತೆ ಎಂದು ಗೊತ್ತಾದದ್ದೇ ತಡ, ಬಳಗದ ಅಧ್ಯಕ್ಷ ಅತುಲ್ "ಐತಿಹಾಸಿಕ ಮಣ್ಣಿನ ರಸ್ತೆ ಉಳಿಸಿ" ಎಂದು ಅರ್ಜಿ ಬರೆದ. ಮೊದಲ ಸಹಿ ಉಜ್ಜನಪ್ಪನವರದ್ದೇ ಆಗಬೇಕೆಂದು ನನ್ನನ್ನೂ ಎಳೆದುಕೊಂಡು ಜನ್ನಾಪುರಕ್ಕೆ ಹೋದ.

"ಈ ರಸ್ತೆ ನೀವು ಮಾಡಿದ ಕಲೆ, ಯಜಮಾನ್ರೇ."

ಉಜ್ಜನಪ್ಪನವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರೋ ಬಂದಿರಬೇಕೆಂದು.

"ನಿಮಗೆ ಗುಂಡಿ ಅಂದ್ರೆ ಇಷ್ಟಾನಾ ಸಾರ್?"

"ಭಾರಿ ಇಷ್ಟ!"

"ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ರೇ? ಮೂವತ್ತೊಂದು ವರ್ಷ ಸುಮ್ನೆ ಮುಚ್ಚಿದ್ನಲ್ಲ!"

"ನೀವು ಕಟ್ಟಿದ ಉಬ್ಬಿನಿಂದಲೇ ಅದು ಇನ್ನೂ ರಸ್ತೆಯಾಗಿ ಉಳಿದಿರೋದು," ಎಂದ ಅತುಲ್.

ಅಷ್ಟು ಸಾಕಾಯಿತು. ಮೂಗು ಒರೆಸಿಕೊಂಡು ಸಹಿ ಹಾಕಿದರು.

ನಾಲ್ಕು ದಿನಕ್ಕೆ ಅವರ ತಂಗಿ ಹಾಲಮ್ಮ ಬಂದರು. ಕಣಿವೆಯ ಮೇಲಿನ ಊರಲ್ಲೇ ಅವರ ಸಂಸಾರ. ಮಂಡಿ ಹಿಡಿದುಕೊಂಡಿದೆ; ಬಸ್ಸು ಏರಿನ ಬುಡದಲ್ಲೇ ಇಳಿಸಿ ಹೋಗುತ್ತದೆ, ಮಳೆಗಾಲದಲ್ಲಿ ಜೀಪೂ ಹತ್ತುವುದಿಲ್ಲ. ಅವರ ಕೈಯಲ್ಲೂ ಒಂದು ಅರ್ಜಿ, ಟಾರು ಹಾಕಿಸಿಕೊಡಿ ಎಂದು. ಅಣ್ಣ ಅದಕ್ಕೂ ಸಹಿ ಹಾಕಿದರು.

ಎರಡೂ ಅರ್ಜಿಗಳು ಶಿವಮೊಗ್ಗದಲ್ಲಿ ಇಂಜಿನಿಯರ್ ಶರಾವತಿಯವರ ಮೇಜಿಗೆ ಒಂದೇ ವಾರದಲ್ಲಿ ಬಂದು ಬಿದ್ದವು. ಉಜ್ಜನಪ್ಪನವರನ್ನು ಕರೆಸಿದರು. ಅವರು ನಮ್ಮ ಕಡೆಯೇ ಮಾತಾಡುವಂತೆ ನೋಡಿಕೊಳ್ಳಲು ಅತುಲ್ ನನ್ನನ್ನು ಕಳಿಸಿದ. ಹೆಂಡತಿಯ ಮುಂದೆ ನನ್ನ ಕಡೆಯೇ ಮಾತಾಡಿಕೊಳ್ಳಲು ಬರದವನು ನಾನು.

"ಇದು ನಿಮ್ಮ ಸಹಿನಾ?"

"ನಂದೇ ಮೇಡಮ್."

"ಇದು?"

"ಅದೂ ನಂದೇ."

"ಒಂದ್ರಲ್ಲಿ ಟಾರು ಬೇಡ, ಇನ್ನೊಂದ್ರಲ್ಲಿ ಬೇಕು ಅಂತಿದೆಯಲ್ರೀ!"

"ಎರಡನ್ನೂ ಓದಿಸಿ ಕೇಳಿಯೇ ಹಾಕಿದ್ದು ಮೇಡಮ್. ಎರಡೂ ಸರಿ ಅನ್ನಿಸ್ತು."

ಮೇಡಮ್ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ನನಗೂ ಎರಡೂ ಸರಿ ಅನ್ನಿಸುತ್ತಿತ್ತು.

"ಯಾವುದಾದ್ರೂ ಒಂದನ್ನ ಹೊಡೆದುಹಾಕಿ. ನಾಳೆ ನಾನು ವರದಿ ಕಳಿಸ್ಬೇಕು."

ಉಜ್ಜನಪ್ಪನವರು ಪೆನ್ನು ಎತ್ತಿದರು, ಇಳಿಸಿದರು.

"ಟಾರು ಬಂದ್ರೆ ನಾನು ಕಟ್ಟಿದ್ದೆಲ್ಲ ಅದರಡಿಗೆ ಹೋಗುತ್ತಲ್ವಾ ಸಾರ್?"

"ಹೋಗುತ್ತೆ," ಎಂದೆ.

"ಬರದಿದ್ರೆ ಹಾಲಮ್ಮ?"



ಅಣ್ಣನ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಾಲಮ್ಮ ಬಾಗಿಲಿಂದ ಇಣುಕಿದರು. "ಅಣ್ಣಾ, ಇನ್ನೂ ಆಗ್ಲಿಲ್ವಾ? ಒಂದೂವರೆ ಬಸ್ಸು ತಪ್ಪಿದ್ರೆ ಕತ್ತಲಾಗೋ ಮುಂಚೆ ಮನೆ ಮುಟ್ಟೋದು ಕಷ್ಟ ಕಣೋ. ಮೂರು ಕಡೆ ಕೂತು ಕೂತು ಹತ್ತಬೇಕು."

ಉಜ್ಜನಪ್ಪನವರು ನಮ್ಮ ಅರ್ಜಿಯನ್ನು ಎಳೆದುಕೊಂಡು ತಮ್ಮ ಹೆಸರಿನ ಮೇಲೆ ಗೀಟು ಹೊಡೆದರು. ನೆಟ್ಟಗಿನ ಗೀಟು.

"ಗ್ಯಾಂಗ್‌ಮನ್ ರಿಟೈರ್ ಆಗಿದ್ದಾನೆ ಮೇಡಮ್. ಅಣ್ಣ ಆಗಿಲ್ಲ."

ಹೊರಗೆ ಬಂದು ನನ್ನನ್ನು ಕೇಳಿದರು: "ಸರಿ ಮಾಡಿದ್ನಾ ಸಾರ್?"

ಅಷ್ಟರಲ್ಲಿ ಅತುಲ್ ಫೋನು. "ಏನಾಯ್ತು ಸಾರ್? ನಮ್ಮ ಕಡೆ ಹೇಳಿದ್ರಾ?"

ಫೋನು ಜೇಬಿಗೆ ಹಾಕಿದೆ. ಗಂಟೆ ಒಂದೂಕಾಲು ಆಗಿತ್ತು. ಹಾಲಮ್ಮನ ಚೀಲ ಎತ್ತಿಕೊಂಡು ಆಟೊ ಕೂಗಿದೆ.